ಗೀಸರ್ ಕೊಳ್ಳುವ ಮೊದಲು ಬಕೆಟ್ ಅಳೆಯಿರಿ
ಎಷ್ಟು ಲೀಟರಿನ ಗೀಸರ್ ಬೇಕೆಂದು ನಿರ್ಧರಿಸಲು ಮನೆಮಂದಿಯ ತಲೆ ಎಣಿಸಬೇಡಿ. ಬೆಳಿಗ್ಗೆ ಬಿಡುವಿಲ್ಲದೆ ಒಬ್ಬರ ಹಿಂದೊಬ್ಬರು ಬಳಸುವ ಹದವಾದ ನೀರನ್ನು ಬಕೆಟ್ ಲೆಕ್ಕದಲ್ಲಿ ಅಳೆದು, ಅದರ ಅರ್ಧದಷ್ಟು ಹಿಡಿಯುವ ಟ್ಯಾಂಕ್ ತೆಗೆದುಕೊಳ್ಳಿ. ಟ್ಯಾಂಕಿನಲ್ಲಿ ನೀರು 60 ಡಿಗ್ರಿಯವರೆಗೆ ಕಾಯುತ್ತದೆ, ಮೈಗೆ ಹಿತವಾಗುವುದು 40ರ ಆಸುಪಾಸು. ನಲ್ಲಿಯ ನೀರು 24 ಡಿಗ್ರಿ ಇದ್ದರೆ 15 ಲೀಟರಿಗೆ ತಣ್ಣೀರು ಬೆರೆಸಿ ಸುಮಾರು 30 ಲೀಟರ್, ಅಂದರೆ ಎರಡು ಬಕೆಟ್ ಸಿಗುತ್ತದೆ. 2 ಕಿಲೋವಾಟಿನ ಕಾಯಿಲ್ ಇದ್ದರೆ ಸುಮಾರು 20 ನಿಮಿಷಕ್ಕೆ ಟ್ಯಾಂಕ್ ಮತ್ತೆ ಸಿದ್ಧ, ಹಾಗಾಗಿ ಸ್ನಾನಗಳ ನಡುವೆ ಅಷ್ಟು ಬಿಡುವಿದ್ದರೆ ನಾಲ್ವರ ಮನೆಗೂ 15 ಲೀಟರ್ ಸಾಲುತ್ತದೆ. ಆದರೆ ಶವರಿನಡಿ ಹತ್ತು ನಿಮಿಷ ನಿಲ್ಲುವವರಿಗೆ ಈ ಲೆಕ್ಕ ಕೈಕೊಡುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದಲ್ಲೂ ಅಷ್ಟೇ, ತಣ್ಣೀರು ಇನ್ನೂ ತಣ್ಣಗಿರುವುದರಿಂದ ಬೆರೆಸಲು ಆಗುವುದು ಕಡಿಮೆ. ಅಂಥವರು 25 ಲೀಟರಿನದನ್ನೇ ನೋಡಿ. ಇನ್ನು ಗೀಸರಿನ ಮೇಲಿನ ಸ್ಟಾರ್ ರೇಟಿಂಗ್, ಅಂದರೆ ನಕ್ಷತ್ರಗಳ ಗುರುತು: ಅದು ಸುಮ್ಮನೆ ನಿಂತ ಬಿಸಿನೀರು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದರ ಅಳತೆ. ದಿನವಿಡೀ ಸ್ವಿಚ್ ಹಾಕಿಡುವ ಮನೆಗೆ ಅದು ನಿಜಕ್ಕೂ ಮುಖ್ಯ, ಸ್ನಾನಕ್ಕೆ ಮುಂಚೆ ಮಾತ್ರ ಹಾಕುವವರಿಗೆ ಅಷ್ಟಲ್ಲ. ಬೋರ್‌ವೆಲ್ ನೀರಿನವರು ಹೆಚ್ಚು ನಕ್ಷತ್ರಗಳಿಗೆ ಕೊಡುವ ಹಣವನ್ನು ಗಾಜಿನ ಲೇಪವಿರುವ ಟ್ಯಾಂಕಿಗೆ ಹಾಕಿ, ಒಳಗೆ ಟ್ಯಾಂಕಿನ ಬದಲು ತಾನೇ ಸವೆಯುವ ಮೆಗ್ನೀಸಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ತಪ್ಪದೆ ನೋಡಿಸಿ. ಅದು ಸವೆದು ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಹಿಡಿಯುತ್ತದೆ.