ರೇಸ್ ಓಡೋ ಮಕ್ಕಳ ತಲೇಲಿ ಏನ್ ನಡೀತಿರುತ್ತೆ, ನಾವು ಏನ್ ಮಾಡ್ಬೇಕು

ಟ್ರ್ಯಾಕಲ್ಲಿ ಓಡೋ ಮಕ್ಕಳಿಗೆ ಇರೋ ಒಂದು ಕಷ್ಟ ಟೀಮ್ ಆಟ ಆಡೋರಿಗೆ ಅಷ್ಟಾಗಿ ಇರಲ್ಲ. ಅಲ್ಲಿ ಸೋತ್ರೆ ಹನ್ನೊಂದು ಜನ ಸೇರಿ ಸೋಲ್ತಾರೆ, ಇಲ್ಲಿ ಒಂದು ಲೇನು, ಒಬ್ಬಳೇ ಹುಡುಗಿ, ಓಡಿ ಮುಗಿಸಿದ ತಕ್ಷಣ ಸೆಕೆಂಡಿನ ನೂರರಲ್ಲಿ ಒಂದು ಭಾಗದವರೆಗೂ ಲೆಕ್ಕ ಹಾಕಿ ಎಲ್ರ ಮುಂದೆ ಒಂದು ನಂಬರ್ ತೋರಿಸ್ತಾರೆ, ಹದಿಮೂರು ಹದಿನಾಲ್ಕು ವರ್ಷದ ಮಗು ಆ ನಂಬರೇ ನಾನು ಅಂತ ನಂಬಿಬಿಡುತ್ತೆ. ಮಗುನೇ ಬೇರೆ ನಂಬರೇ ಬೇರೆ ಅಂತ ಅದಕ್ಕೆ ಮನಸ್ಸಿಗೆ ನಾಟೋ ಹಾಗೆ ಮಾಡೋದು, ಕೋಚಿಗಾಗ್ಲಿ ಅಪ್ಪ ಅಮ್ಮಂಗಾಗ್ಲಿ, ಇದಕ್ಕಿಂತ ದೊಡ್ಡ ಕೆಲಸ ಇಲ್ಲ ಅನ್ನೋದು ನನ್ನ ನಂಬಿಕೆ.

ಮೊದಲು ರೇಸಿಗೆ ಮುಂಚಿನ ಭಯ. ಎದೆ ಡವಡವ, ಬಾಯಿ ಒಣಗೋದು, ಹೊಟ್ಟೆ ತೊಳಸೋದು, ಪದೇ ಪದೇ ಬಾತ್‌ರೂಮಿಗೆ ಓಡೋದು. ಆಗ ನಾವೆಲ್ಲ "ಟೆನ್ಷನ್ ಮಾಡ್ಕೋಬೇಡ" ಅಂತೀವಿ, ದಯವಿಟ್ಟು ಇದನ್ನ ಹೇಳ್ಬೇಡಿ, ಯಾಕಂದ್ರೆ ಮಗುಗೆ ಈಗ ಎರಡು ಟೆನ್ಷನ್ ಆಯ್ತು, ಒಂದು ರೇಸಿಂದು, ಇನ್ನೊಂದು ನಂಗೆ ಟೆನ್ಷನ್ ಆಗ್ತಿದೆಯಲ್ಲಾ ಅನ್ನೋದು. ಅದರ ಬದಲು ಇರೋ ವಿಷ್ಯ ಹೇಳಿ. ಇದು ಅಡ್ರಿನಲಿನ್, ಸ್ನಾಯುಗಳಿಗೆ ರಕ್ತ ಹೋಗ್ತಿದೆ, ನಿನ್ನ ಮೈ ಓಡೋಕೆ ರೆಡಿ ಆಗ್ತಿದೆ ಅಂತ. ಅದು ಸಾಲ್ದು ಅಂದ್ರೆ ಉಸಿರು ಒಳಗೆ ತಗೊಳ್ಳೋದಕ್ಕಿಂತ ಹೊರಗೆ ಬಿಡೋದು ನಿಧಾನ ಇರ್ಲಿ, ನಾಲ್ಕು ಎಣಿಸ್ತಾ ತಗೊಂಡು ಆರು ಎಣಿಸ್ತಾ ಬಿಡೋದು, ಐದಾರು ಸಲ ಸಾಕು. ಆದ್ರೆ ನೂರು ಮೀಟರ್ ಓಡೋರನ್ನ ಪೂರ್ತಿ ತಣ್ಣಗೆ ಮಾಡೋಕೆ ಹೋಗ್ಬೇಡಿ, ಅವರಿಗೆ ಆ ಬಿಸಿ ಬೇಕು. ಎಂಟುನೂರರವರಿಗೇ ಅದು ಜಾಸ್ತಿ ಆದ್ರೆ ತೊಂದ್ರೆ, ಮೊದಲ ಇನ್ನೂರು ಮೀಟರ್ ಹುಚ್ಚುಹುಚ್ಚಾಗಿ ಓಡಿ ಕೊನೇಲಿ ಕಾಲು ಕಲ್ಲಾಗಿಬಿಡುತ್ತೆ.

ಕಾಲ್ ರೂಮಲ್ಲಿ, ಅಂದ್ರೆ ರೇಸಿಗೆ ಮುಂಚೆ ಓಡೋರನ್ನೆಲ್ಲ ಕರೆದು ಕೂರಿಸೋ ಕೋಣೇಲಿ, ಕೂರೋ ಹೊತ್ತು ಇದಕ್ಕಿಂತ ಕಷ್ಟ. ಫೋನ್ ಇಲ್ಲ, ಕೋಚ್ ಇಲ್ಲ, ಎದುರಿಗೆ ತನಗಿಂತ ಒಂದು ಅಡಿ ಎತ್ತರದ ಹುಡುಗ ಸ್ಪೈಕ್ಸ್ (ಮುಳ್ಳಿನ ಶೂ) ಕಟ್ಕೊಳ್ತಿರ್ತಾನೆ, ಅರ್ಧ ರೇಸ್ ಅಲ್ಲೇ ಸೋತೋಗುತ್ತೆ. ಅಲ್ಲಿಗೆ ಹೋಗೋ ಮುಂಚೆ ಒಂದೇ ಒಂದು ಪದ ಕೊಟ್ಟು ಕಳಿಸಿ. "ತಳ್ಳು" ಅಂತ, ಸ್ಟಾರ್ಟಲ್ಲಿ ಕಾಲು ಊರೋ ಬ್ಲಾಕಿಂದ ಏಳೋಕೆ. ಇಲ್ಲಾಂದ್ರೆ "ಭುಜ ಸಡಿಲ" ಅಂತ, ಕೊನೆಯ ಮೂವತ್ತು ಮೀಟರಿಗೆ. ಮೊಣಕಾಲು ಎತ್ತು, ಕೈ ಬೀಸು, ತಲೆ ಕೆಳಗೆ, ಹೀಗೆ ಐದು ಹೇಳಿ ಕಳಿಸಿದ್ರೆ ತಾನಾಗೇ ಆಗ್ಬೇಕಿದ್ದ ಓಟನ್ನ ಮಗು ಯೋಚನೆ ಮಾಡಿ ಮಾಡಿ ಓಡೋಕೆ ಹೋಗಿ ಎಲ್ಲ ಕಲಸಿಕೊಳ್ಳುತ್ತೆ.

ಫಾಲ್ಸ್ ಸ್ಟಾರ್ಟ್, ಅಂದ್ರೆ ಗನ್ ಸದ್ದಿಗೆ ಮುಂಚೆನೇ ಹೊರಟುಬಿಡೋ ಭಯಾನೂ ದೊಡ್ಡದು. 2010ರಿಂದ ದೊಡ್ಡ ಕ್ರೀಡಾಕೂಟಗಳಲ್ಲಿ, ಅಂದ್ರೆ ಮೀಟ್‌ಗಳಲ್ಲಿ ಒಂದೇ ಫಾಲ್ಸ್ ಸ್ಟಾರ್ಟಿಗೆ ಔಟ್, ಗನ್ ಸದ್ದಾಗಿ 0.1 ಸೆಕೆಂಡಿನೊಳಗೆ ಹೊರಟ್ರೂ ಅದು ಫಾಲ್ಸ್ ಸ್ಟಾರ್ಟೇ. 2011ರಲ್ಲಿ ಡೇಗು ವಿಶ್ವ ಚಾಂಪಿಯನ್‌ಶಿಪ್ ನೂರು ಮೀಟರ್ ಫೈನಲಲ್ಲಿ ಉಸೇನ್ ಬೋಲ್ಟೇ ಹೀಗೆ ಹೊರಗೆ ಹೋದ್ರು, ಅದೇ ಕೂಟದಲ್ಲಿ ಕೆಲವೇ ದಿನಕ್ಕೆ ಇನ್ನೂರು ಮೀಟರ್ ಗೆದ್ರು. ಇದನ್ನ ಮಕ್ಕಳಿಗೆ ಹೇಳಿ. ಜೊತೆಗೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೂರು ಮೀಟರ್ ಫೈನಲ್ ಕತೆನೂ ಹೇಳಿ, ಅಮೆರಿಕದ ನೋವಾ ಲೈಲ್ಸ್ ಗನ್ನಿಗೆ ರಿಯಾಕ್ಟ್ ಆಗಿದ್ದು 0.178 ಸೆಕೆಂಡಲ್ಲಿ, ಆ ಎಂಟು ಜನರಲ್ಲಿ ಅದಕ್ಕಿಂತ ನಿಧಾನ ಯಾರೂ ಇರ್ಲಿಲ್ಲ, ಆದ್ರೂ ಸೆಕೆಂಡಿನ ಸಾವಿರದಲ್ಲಿ ಐದು ಭಾಗದಿಂದ ಚಿನ್ನ ಗೆದ್ರು. ತನಗೆ ಆತಂಕ, ಖಿನ್ನತೆ ಎರಡೂ ಇದೆ ಅಂತ ಮುಚ್ಚುಮರೆ ಇಲ್ಲದೆ ಹೇಳ್ಕೊಂಡಿರೋ ಮನುಷ್ಯ ಅವರು. ಪ್ರಾಕ್ಟೀಸಲ್ಲಿ "ಸೆಟ್" ಅಂದ್ಮೇಲೆ ಒಂದ್ಸಲ ಬೇಗ, ಒಂದ್ಸಲ ತುಂಬಾ ತಡವಾಗಿ ಗನ್ ಕೊಡಿ, ಊಹೆ ಮಾಡೋ ಚಟ ಹೋಗಿ ಸದ್ದು ಕೇಳಿ ಹೊರಡೋ ಅಭ್ಯಾಸ ಬರುತ್ತೆ.

ಈಗ ರೇಸ್ ಆದ್ಮೇಲೆ. ಇಲ್ಲಿ ನಾನೇ ತಪ್ಪು ಮಾಡಿದೀನಿ. ನಾನೂರು ಮೀಟರ್ ಓಡೋ ಹುಡುಗಿ ಒಬ್ಬಳು ಫಿನಿಶ್ ಲೈನ್ ದಾಟಿ ಇನ್ನೂ ಏದುಸಿರು ಬಿಡ್ತಿದ್ಲು, ನಾನು ಹೋಗಿ "ಕೊನೆ ನೂರಲ್ಲಿ ಬಿಟ್ಬಿಟ್ಟೆ ನೋಡು" ಅಂದೆ, ವಾಚ್ ಕೈಯಲ್ಲೇ ಇತ್ತು. ಅವಳು ಏನೂ ಹೇಳ್ಲಿಲ್ಲ, ಆದ್ರೆ ಅವತ್ತಿಂದ ಓಡಿ ಮುಗಿಸಿದ ತಕ್ಷಣ ನನ್ನ ಮುಖ ನೋಡೋಕೆ ಶುರು ಮಾಡಿದ್ಲು, ಬೋರ್ಡ್ ನೋಡೋ ಮುಂಚೆ. ಅದನ್ನ ಸರಿ ಮಾಡೋಕೆ ಒಂದು ಸೀಸನ್ ಪೂರ್ತಿ ಬೇಕಾಯ್ತು. ಈಗ ನೀರು ಕೊಟ್ಟು ಸುಮ್ನೆ ಪಕ್ಕದಲ್ಲಿ ನಿಲ್ತೀನಿ, ಮೊದಲು ಮಗುನೇ ಮಾತಾಡ್ಲಿ, ಟೈಮಿಂಗ್ ಮಾತು ಮಾರನೇ ದಿನಕ್ಕೆ. ಪೋಷಕರೂ ಅಷ್ಟೇ, ಮನೆಗೆ ಹೋಗೋ ದಾರೀಲಿ ರೇಸ್ ಬಗ್ಗೆ ಪೋಸ್ಟ್‌ಮಾರ್ಟಮ್ ಬೇಡ.

ನಂಬರ್ ಬಗ್ಗೆ ಇನ್ನೂ ಒಂದು ಮಾತು. ಕೈ ವಾಚಲ್ಲಿ ತಗೊಂಡ ನೂರು ಮೀಟರ್ ಟೈಮಿಂಗು ಎಲೆಕ್ಟ್ರಾನಿಕ್‌ಗಿಂತ ಸುಮಾರು 0.24 ಸೆಕೆಂಡ್ ಕಮ್ಮಿ ಬರುತ್ತೆ, ಮೊದಲ ದೊಡ್ಡ ಮೀಟಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ನೋಡಿದ ಮಗು ನಾನು ಸ್ಲೋ ಆಗೋದೆ ಅಂತ ಅತ್ತುಬಿಡುತ್ತೆ. ಎದುರುಗಾಳಿ ಇದ್ರೆ ಟೈಮಿಂಗ್ ಇನ್ನೂ ಜಾಸ್ತಿ ಆಗುತ್ತೆ. ಮೊದಲೇ ಹೇಳಿಡಿ.

ಹುಡುಗೀರಿಗೆ ಮೈ ಬೆಳೆಯೋ ವಯಸ್ಸಲ್ಲಿ ಟೈಮಿಂಗ್ ಒಂದೆರಡು ವರ್ಷ ನಿಂತೋಗ್ಬಹುದು, ಹಿಂದೂ ಹೋಗ್ಬಹುದು, ಅದು ಸೋಮಾರಿತನ ಅಲ್ಲ. ಆಗ ತೂಕದ ಬಗ್ಗೆ ಯಾರಾದ್ರೂ ಒಂದು ಮಾತು ಆಡಿದ್ರೆ ಮಗು ಊಟ ಕಮ್ಮಿ ಮಾಡೋಕೆ ಶುರು ಮಾಡುತ್ತೆ, ಅಲ್ಲಿಂದ ಮೂಳೆ ಬಿರುಕು, ಮುಟ್ಟು ನಿಲ್ಲೋದು. ಮೂರು ತಿಂಗಳು ಮುಟ್ಟಾಗ್ಲಿಲ್ಲ ಅಂದ್ರೆ ಜಾಸ್ತಿ ಓಡ್ತಾಳೆ ಅದಕ್ಕೇ ಅಂತ ಬಿಡ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಹುಡುಗರಲ್ಲಿ ಇದು ಉಲ್ಟಾ, ಬೇಗ ಬೆಳೆದವನು ಹದಿಮೂರಕ್ಕೇ ಎಲ್ರನ್ನೂ ಸೋಲಿಸ್ತಾನೆ, ಹದಿನಾರಕ್ಕೆ ಬೇರೆಯವರೂ ಬೆಳೆದು ಹಿಂದೆ ಹಾಕಿದಾಗ ಅವನಿಗೆ ತಡ್ಕೊಳ್ಳೋಕೆ ಆಗಲ್ಲ. ಅವನು ಗೆಲ್ತಿರೋವಾಗ್ಲೇ ಗೆದ್ದಿದ್ದಕ್ಕಲ್ಲ, ಸ್ಟಾರ್ಟ್ ತಿದ್ದಿಕೊಂಡಿದ್ದಕ್ಕೆ, ಟ್ರ್ಯಾಕಿನ ತಿರುವಲ್ಲಿ ಲೇನ್ ಬಿಡದೆ ಓಡಿದ್ದಕ್ಕೆ ಹೊಗಳೋಕೆ ಶುರು ಮಾಡಿ.

ಪ್ರತಿ ಮೀಟ್ ದಿನಾನೇ ಜ್ವರ, ಹೊಟ್ಟೆನೋವು ಬರ್ತಿದ್ರೆ, ನಿದ್ದೆ ಕೆಟ್ರೆ, ಪ್ರಾಕ್ಟೀಸಲ್ಲಿ ಇಲ್ಲದ ಕಾಲುನೋವು ಹೀಟ್ಸ್ (ಮೊದಲ ಸುತ್ತಿನ ಓಟ) ಹೊತ್ತಿಗೆ ಕಾಣಿಸ್ಕೊಂಡ್ರೆ ನಾಟಕ ಅಂತ ಬೈಬೇಡಿ. ಒಂದು ಮೀಟ್ ಬಿಡಿಸಿ, ಕೂತು ಕೇಳಿ, ಎರಡು ಮೂರು ವಾರ ಆದ್ರೂ ಹಾಗೇ ಇದ್ರೆ ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ, ಮುಂದಿನ ಎಂಟ್ರಿ ಫಾರ್ಮ್ ತುಂಬೋದು ಬೇಕೋ ಬೇಡ್ವೋ ಅಂತ ಆಮೇಲೆ ಆ ಮಗುನೇ ಹೇಳ್ಲಿ.