ಕರಾವಳಿ ಮನೆಗೆ ಮಿನಿಮಲ್ ಫರ್ನಿಚರ್: ಬಡಗಿಯೊಬ್ಬನ ಸಲಹೆ

ಫೋನಿನಲ್ಲಿ ಫೋಟೋ ತೋರಿಸಿ, "ಆಚಾರ್ರೆ, ಹೀಗೇ ಬೇಕು" ಎನ್ನುವವರು ಈಗ ಜಾಸ್ತಿ. ಬಿಳಿ ಗೋಡೆ, ಸಪೂರ ಕಾಲಿನ ಒಂದು ಸೋಫಾ, ಒಂದು ಗಿಡ, ಮತ್ತೆ ಖಾಲಿ ನೆಲ. ಉಡುಪಿ ಹತ್ತಿರದ ಬ್ರಹ್ಮಾವರದಲ್ಲಿ ಮರದ ಕೆಲಸ ಮಾಡುವ ನನಗೆ ಈ ಬೇಡಿಕೆ ತುಂಬ ಇಷ್ಟ. ಚಂದ ಕಾಣುತ್ತದೆ ಎಂದು ಮಾತ್ರ ಅಲ್ಲ. ನಮ್ಮ ಹವೆಗೆ ಸರಿಹೊಂದುವುದು ಇದೇ.

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಗೋಡೆಗೆ ತಾಗಿಸಿಟ್ಟ ಕಪಾಟನ್ನು ಸ್ವಲ್ಪ ಎಳೆದು ಹಿಂದೆ ನೋಡಿ. ಬೂಷ್ಟು ಹಿಡಿದಿರುತ್ತದೆ. ನೆಲಕ್ಕೆ ಕೂತ ದಪ್ಪ ಸೋಫಾದ ಅಡಿಯಲ್ಲಿ ಪಸೆ ಆರುವುದೇ ಇಲ್ಲ. ಒರಲೆ (ಗೆದ್ದಲು) ಬಂದರೂ ಗೊತ್ತಾಗುವುದು ಕಾಲು ಟೊಳ್ಳಾದ ಮೇಲೆ. ಸಾಮಾನು ಕಡಿಮೆ ಇದ್ದರೆ, ಇದ್ದದ್ದು ಕಾಲ ಮೇಲೆ ನಿಂತರೆ, ಗಾಳಿ ಆಡುತ್ತದೆ, ಕಣ್ಣಿಗೂ ಬೀಳುತ್ತದೆ. ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಇದ್ದದ್ದಾದರೂ ಏನು? ಒಂದು ಬೆಂಚು, ಒಂದು ಆರಾಮ ಕುರ್ಚಿ, ಹೆಚ್ಚೆಂದರೆ ಒಂದು ತೂಗುಮಂಚ. ಊಟ ಆದ ಮೇಲೆ ಮಣೆಗಳು ಗೋಡೆಗೆ ಒರಗುತ್ತಿದ್ದವು, ಚಾಪೆ ಸುರುಳಿಯಾಗಿ ಮೂಲೆ ಸೇರುತ್ತಿತ್ತು.

ಹಾಗಾಗಿ ಮೊದಲು ಏನನ್ನೂ ಕೊಳ್ಳಬೇಡಿ. ಹಾಲ್‌ನಲ್ಲಿ ಇರುವುದನ್ನೆಲ್ಲ ಒಂದು ಭಾನುವಾರ ಬೇರೆ ಕೋಣೆಗೋ ಜಗಲಿಗೋ ಸಾಗಿಸಿ. ಆಮೇಲೆ ಒಂದು ವಾರ, ಬೇಕು ಅನ್ನಿಸಿದಾಗ ಮಾತ್ರ ಒಂದೊಂದೇ ಒಳಗೆ ತನ್ನಿ. ಹೊರಗೇ ಉಳಿದದ್ದು ಯಾವುದು ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. "ನೆಂಟರು ಬಂದರೆ ಎಲ್ಲಿ ಕೂರುವುದು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವರ್ಷಕ್ಕೊಂದು ಸತ್ಯನಾರಾಯಣ ಪೂಜೆಗೆ ಮೂವತ್ತು ಜನ ಬರುತ್ತಾರೆ ಎಂದು ವರ್ಷವಿಡೀ ಹಾಲ್ ತುಂಬ ಸೋಫಾ ಇಟ್ಟುಕೊಳ್ಳಬೇಡಿ ಮಾರಾಯ್ರೆ. ಅವತ್ತಿಗೆ ಶಾಮಿಯಾನದವರು ಕುರ್ಚಿ ತಂದು ಹಾಕುತ್ತಾರೆ. ದಿನನಿತ್ಯಕ್ಕೆ ಮನೆಯವರಿಗೆ ಮತ್ತು ಇನ್ನಿಬ್ಬರಿಗೆ ಜಾಗ ಇದ್ದರೆ ಸಾಕು. ಒಂದರ ಮೇಲೊಂದು ಪೇರಿಸುವ ನಾಲ್ಕು ಸ್ಟೂಲು ಮಂಚದಡಿ ಇಟ್ಟುಕೊಳ್ಳಿ.

ಈಗ ಅಳತೆ. ಸೋಫಾ, ಟೀಪಾಯಿ ಎಷ್ಟು ಜಾಗ ತಿನ್ನುತ್ತವೆ ಎಂದು ಹಳೆ ಪೇಪರ್ ಅದೇ ಅಳತೆಗೆ ಕತ್ತರಿಸಿ ನೆಲದಲ್ಲಿ ಹಾಸಿ. ಓಡಾಡುವ ದಾರಿಗೆ 3 ಅಡಿ ಬಿಡಿ. ಸೋಫಾಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ. ಕೂರುವ ಎತ್ತರ 17-18 ಇಂಚು ಇರಲಿ. ಫೋಟೋದಲ್ಲಿ ಕಾಣುವ ತೀರಾ ತಗ್ಗಿನ ಸೋಫಾ ನೋಡಲು ಚಂದವೇ, ಆದರೆ ಮಂಡಿ ನೋವಿರುವ ಅಮ್ಮ ಅದರಿಂದ ಏಳುವುದು ಕಷ್ಟ. ಹಿರಿಯರು ಇರುವ ಮನೆಗೆ ನಾನು ಅದನ್ನು ಮಾಡಿಕೊಡುವುದಿಲ್ಲ.

ಕಾಲಿನ ಎತ್ತರಕ್ಕೆ ನನ್ನ ಲೆಕ್ಕ ಪೊರಕೆಯದ್ದು. ಕೆಳಗೆ ಕನಿಷ್ಠ 6 ಇಂಚು ಬಿಟ್ಟರೆ ಪೊರಕೆಯೂ ಒರೆಸುವ ಬಟ್ಟೆಯೂ ಸಲೀಸಾಗಿ ಹೋಗುತ್ತವೆ. ಗೋಡೆಯಿಂದ 2 ಇಂಚು ದೂರ ಇರಲಿ. ಅಮೆರಿಕದ ಶೇಕರ್ ಎಂಬ ಕ್ರೈಸ್ತ ಪಂಗಡದವರು 19ನೇ ಶತಮಾನದಲ್ಲಿ ಮಾಡಿದ ಕುರ್ಚಿಗಳನ್ನು ಇವತ್ತಿಗೂ ಸರಳ ಫರ್ನಿಚರಿನ ಮಾದರಿ ಎನ್ನುತ್ತಾರೆ. ಅವರ ಕೋಣೆಯ ಗೋಡೆಯಲ್ಲಿ ಮರದ ಗೂಟಗಳ ಸಾಲು ಇರುತ್ತಿತ್ತು. ನೆಲ ಗುಡಿಸುವಾಗ ಕುರ್ಚಿಯನ್ನೇ ಎತ್ತಿ ಗೂಟಕ್ಕೆ ತೂಗುಹಾಕುತ್ತಿದ್ದರು. ಕುರ್ಚಿ ಅಷ್ಟು ಹಗುರ. ನಮ್ಮ ಮಣೆಯನ್ನು ಮಾಡಿದವರೂ ಯೋಚಿಸಿದ್ದು ಹೀಗೇ ಅಲ್ವಾ?

ಮರದ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಸಾಮಾನು ಕಡಿಮೆ ಆದಾಗ ಪ್ರತಿಯೊಂದೂ ಎದ್ದು ಕಾಣುತ್ತದೆ. ಕೆತ್ತನೆ ಇಲ್ಲ, ಮುಚ್ಚುವ ಬಟ್ಟೆ ಇಲ್ಲ. ಮರ ಮತ್ತು ಜೋಡಣೆ ಅಷ್ಟೇ. ಸಾಗುವಾನಿ ಒಳ್ಳೆಯದು, ದುಬಾರಿ. ನನ್ನ ಮನಸ್ಸು ಹಲಸಿನ ಕಡೆ. ಹೊಸದರಲ್ಲಿ ಹಳದಿ, ವರ್ಷ ಹೋದ ಹಾಗೆ ಕೆಂಪು ಮಿಶ್ರಿತ ಕಂದು. ಆ ಬಣ್ಣವನ್ನು ಯಾವ ಡಬ್ಬಿಯಿಂದಲೂ ತರಲಾಗದು. ಕೊಳ್ಳುವಾಗ ಚೇಗು, ಅಂದರೆ ನಡುವಿನ ಗಟ್ಟಿ ಮರ, ಮಾತ್ರ ಕೇಳಿ. ಅಂಚಿನ ಬಿಳಿ ಭಾಗ ಇದ್ದರೆ ಹುಳ ಮೊದಲು ಅಲ್ಲಿಗೇ ಬರುತ್ತದೆ, ಕೆಳಗೆ ಸಣ್ಣ ಹುಡಿ ಬೀಳಲು ಶುರುವಾಗುತ್ತದೆ.

ಇನ್ನೂ ಒಳ್ಳೆಯ ದಾರಿ ಹಳೆ ಮರ. ಹಂಚಿನ ಮನೆ ಕೆಡವಿದ ಕಡೆ ಪಕ್ಕಾಸು (ಛಾವಣಿಯ ಇಳಿಜಾರು ಮರ), ತೊಲೆ, ಬಾಗಿಲಿನ ಹಲಗೆ ಮಾರಾಟಕ್ಕೆ ಸಿಗುತ್ತವೆ. ಎಷ್ಟೋ ವರ್ಷ ಒಣಗಿದ ಮರ ಅದು, ಇನ್ನು ಜಾಸ್ತಿ ಬಾಗುವುದಿಲ್ಲ, ಸೀಳುವುದಿಲ್ಲ. ಮುರಿದ ಮೊಳೆ ಒಳಗೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ. ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿಗೆ ಅವರ ತರವಾಡು (ಕುಟುಂಬದ ಮೂಲ) ಮನೆಯ ತೊಲೆಯಿಂದಲೇ 5 ಅಡಿಯ ಬೆಂಚು ಮಾಡಿದೆ. ಕೂರುವ ಜಾಗಕ್ಕೆ ಮೂರು ಹಲಗೆ, ನಡುವೆ ಕಾಲು ಇಂಚಿನ ಸಂದು. ಮಳೆಗಾಲದಲ್ಲಿ ಮರ ಅಗಲವಾಗುತ್ತದೆ, ಆ ಸಂದು ಅದಕ್ಕೇ ಬೇಕು. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಜುಲೈಯಲ್ಲಿ ಎಳೆದರೂ ಬರುವುದಿಲ್ಲ. ಬೇಸಿಗೆಯಲ್ಲಿ ಮಾಡಿಸುವುದಾದರೆ 2-3 ಮಿಲಿಮೀಟರ್ ಸಡಿಲ ಬಿಡಲು ಹೇಳಿ.

ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂರುವ ಜೋಡಣೆ ಕೇಳಿ ಮಾಡಿಸಿ. ಸ್ಕ್ರೂ ಬೇಕೇ ಆದರೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್. ಮಲ್ಪೆ, ಕಾಪು ಕಡೆ ಸಮುದ್ರದ ಹತ್ತಿರ ಮನೆ ಇದ್ದರೆ ಸಾದಾ ಕಬ್ಬಿಣ ಬೇಡವೇ ಬೇಡ. ಉಪ್ಪು ಗಾಳಿಗೆ ತುಕ್ಕು ಹಿಡಿದು ಮರವೂ ಕಪ್ಪಾಗುತ್ತದೆ.

ಹೊರಗೆ ಖಾಲಿ ಕಾಣಬೇಕಾದರೆ ಒಳಗಿಡಲು ಜಾಗ ಬೇಕು. ಐದಾರು ಸಣ್ಣ ಕಪಾಟಿನ ಬದಲು ಒಂದೇ ಗೋಡೆಗೆ ನೆಲದಿಂದ ಮೇಲಿನವರೆಗೆ ಒಂದು ಕಪಾಟು ಮಾಡಿಸಿ. ಇದಕ್ಕೆ ಪ್ಲೈವುಡ್ ಸಾಕು, ಆದರೆ ಹಾಳೆಯ ಮೇಲೆ ಐಎಸ್ 710 ಗುರುತು ನೋಡಿ ತೆಗೆದುಕೊಳ್ಳಿ. ಅದು ನೀರು ತಡೆಯುವ ಮರೈನ್ ಪ್ಲೈ. ಮರದ ಹುಡಿ ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಪಸೆ ತಾಗಿದರೆ ಉಬ್ಬುತ್ತದೆ, ಸ್ಕ್ರೂ ಹಿಡಿದು ನಿಲ್ಲುವುದಿಲ್ಲ. ಬಾಗಿಲಿಗೆ ಗಾಳಿ ಹೋಗುವ ಪಟ್ಟಿ ಹಾಕಿಸಿದರೆ ಸೀರೆ, ಪುಸ್ತಕ ಎರಡೂ ಉಳಿಯುತ್ತವೆ.

ಅಜ್ಜನ ಆರಾಮ ಕುರ್ಚಿಯನ್ನು ಮಾತ್ರ ಕೊಡಬೇಡಿ. ಬಳಸುವ ಹಳೆಯ ಸಾಮಾನು ಒಂದಿದ್ದರೆ ಅದಕ್ಕೇ ಒಳ್ಳೆಯ ಜಾಗ ಕೊಡಿ, ಉಳಿದದ್ದನ್ನು ಅದಕ್ಕೆ ಹೊಂದುವ ಹಾಗೆ ಮಾಡಿಸಿ. ಬೆತ್ತದ ಹೆಣಿಗೆ ಹೋಗಿದ್ದರೆ ಹೊಸದಾಗಿ ಹೆಣೆಸಬಹುದು.

ಕೊನೆಯದಾಗಿ ಪಾಲಿಶ್. ಗೇರು ಬೀಜದ ಸಿಪ್ಪೆಯ ಎಣ್ಣೆಯನ್ನು ಹಿಂದಿನವರು ಮಾಡಿನ (ಛಾವಣಿಯ) ಮರಕ್ಕೆ ಹಚ್ಚುತ್ತಿದ್ದರು, ಹುಳ ಬರಬಾರದು ಎಂದು. ಅದು ಮರವನ್ನು ಕಪ್ಪು ಮಾಡುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಕೂರುವ ಸಾಮಾನಿಗೆ ಬೇಡ. ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ, ಪ್ರತಿ ಸಲ ಪೂರ್ತಿ ಒಣಗಲು ಬಿಡಿ. ಗೀರು ಬಿದ್ದರೆ ಆ ಜಾಗಕ್ಕೆ ಮಾತ್ರ ಮತ್ತೆ ಹಚ್ಚಿದರಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹರಡಿ ಒಣಗಿಸಿ. ಮೆಲಮೈನ್ ಪಾಲಿಶ್ ಬೇಕು ಅನ್ನುವವರು ಮಳೆಗಾಲದಲ್ಲಿ ಮಾಡಿಸಬೇಡಿ, ಪಸೆಗೆ ಬಿಳಿ ಮಂಜು ಹಿಡಿದ ಹಾಗೆ ಆಗುತ್ತದೆ. ಮಳೆ ನಿಂತು ನವೆಂಬರ್ ಬರಲಿ. ಅಲ್ಲಿಂದ ಮಾರ್ಚ್‌ವರೆಗೆ ಸಮಯ ಉಂಟು. ಮರ ಈಗಲೇ ನೋಡಿಟ್ಟುಕೊಂಡು ನೆರಳಿನಲ್ಲಿ, ಗಾಳಿ ಆಡಲು ಹಲಗೆಗಳ ನಡುವೆ ಸಣ್ಣ ಪಟ್ಟಿ ಕೊಟ್ಟು ಪೇರಿಸಿಟ್ಟರೆ, ಕೆಲಸ ಶುರು ಮಾಡುವಾಗ ಅದೂ ತಯಾರಾಗಿರುತ್ತದೆ.