ಕೆರೆಯ ಹೂಳಿಗಿಂತ ಮೊದಲು ಕಾರ್ಖಾನೆಯ ಮೀಟರ್

ಕೋಲಾರ ಜಿಲ್ಲೆಯ ಒಂದು ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆ ಇದೆ. ವಾಹನಗಳ ಬಿಡಿಭಾಗ ತಯಾರಿಸುತ್ತೇವೆ. ನೀರು, ಕರೆಂಟು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುವುದು ನನ್ನ ಕೆಲಸ. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ಕೊರೆದರೂ ಬರೀ ದೂಳು ಕಂಡ ಬೋರ್‌ವೆಲ್‌ಗಳು ಸುತ್ತಲಿನ ಊರುಗಳಲ್ಲಿ ಬೇಕಾದಷ್ಟಿವೆ. ಭೂಮಿಯೊಳಗೆ ಕಾಂಪೌಂಡ್ ಗೋಡೆ ಇರುವುದಿಲ್ಲ ಅಲ್ವಾ? ನಾವು ಎತ್ತುವ ನೀರಿನಲ್ಲಿ ಪಕ್ಕದ ಟೊಮೆಟೊ ತೋಟದವರ ಪಾಲೂ ಇದೆ.

ಹಾಗಾಗಿಯೇ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಒಂದು ಕೆರೆಯ ಹೂಳು ತೆಗೆಸೋಣ ಎಂಬ ಮಾತು ಬಂದಾಗ ನಾನು ಕೇಳಿದ್ದು ಒಂದೇ: ನಮ್ಮ ಗೇಟಿನ ಒಳಗೆ ನೀರು ಎಲ್ಲೆಲ್ಲಿ ಖರ್ಚಾಗುತ್ತಿದೆ, ಲೆಕ್ಕ ಇದೆಯಾ? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪನಿಯ ಮಾಮೂಲಿ ವ್ಯವಹಾರದ ಕೆಲಸಗಳು ಇದರಲ್ಲಿ ಸೇರುವುದಿಲ್ಲ. ಒಳಗಿನ ಸೋರಿಕೆ ಸರಿಪಡಿಸಲು ಆ ಹಣ ಮುಟ್ಟುವಂತಿಲ್ಲ, ಸ್ವಂತ ಜೇಬಿನಿಂದಲೇ ಕೊಡಬೇಕು. ನನ್ನ ಪ್ರಕಾರ ಅದೇ ನ್ಯಾಯ. ಒಳಗೆ ನೀರು ಪೋಲು ಮಾಡಿ ಹೊರಗೆ ಕೆರೆ ತುಂಬಿಸಿದರೆ ಊರಿನವರಿಗೆ ಏನು ಲಾಭ?

ಬೋರ್‌ವೆಲ್ ಬಾಯಲ್ಲಿ ಮೀಟರ್ ಮೊದಲೇ ಇತ್ತು. ಅದು ಒಟ್ಟು ಎಷ್ಟು ಅಂತ ಹೇಳುತ್ತದೆ, ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ. ಕೂಲಿಂಗ್ ಟವರ್ (ಯಂತ್ರಗಳಿಂದ ಬರುವ ಬಿಸಿನೀರನ್ನು ತಣಿಸುವ ಗೋಪುರ), ಪೇಂಟ್ ಶಾಪ್, ಕ್ಯಾಂಟೀನ್, ಶೌಚಾಲಯ, ತೋಟ, ಹೀಗೆ ಒಂದೊಂದು ಲೈನಿಗೂ ಒಂದೊಂದು ಮೀಟರ್ ಹಾಕಿಸಿದೆವು. ಆಮೇಲೆ ಭಾನುವಾರ ಕೆಲಸ ಪೂರ್ತಿ ನಿಂತಾಗ ರೀಡಿಂಗ್ ತೆಗೆಯಲು ಶುರು ಮಾಡಿದೆವು. ಯಾರೂ ನಲ್ಲಿ ತಿರುಗಿಸದ ಹೊತ್ತಿನಲ್ಲಿ ಮುಳ್ಳು ಅಲ್ಲಾಡಬಾರದು. ಶೌಚಾಲಯದ ಲೈನಿನಲ್ಲಿ ಅದು ನಿಲ್ಲದೆ ತಿರುಗುತ್ತಿತ್ತು. ಜಾಡು ಹಿಡಿದು ಹೋದರೆ ಲಾರಿ ಓಡಾಡುವ ರಸ್ತೆಯ ಕೆಳಗೆ ಪೈಪಿನ ಜಾಯಿಂಟ್ ಬಿಟ್ಟಿತ್ತು. ನೀರು ಸುಮ್ನೆ ಮಣ್ಣಿಗೆ ಇಳಿಯುತ್ತಿದ್ದರಿಂದ ಮೇಲೆ ಒಂದು ಹನಿಯೂ ಕಂಡಿರಲಿಲ್ಲ. ನೀರಿನ ಕೆಲಸ ಶುರು ಮಾಡುವವರಿಗೆ ನಾನು ಹೇಳುವ ಮೊದಲ ಮಾತೇ ಈ ರಜಾ ದಿನದ ರೀಡಿಂಗ್. ಇದಕ್ಕೆ ದುಡ್ಡು ಬೇಕಾಗಿಲ್ಲ.

ಜಾಸ್ತಿ ನೀರು ಕುಡಿಯುತ್ತಿದ್ದದ್ದು ಕೂಲಿಂಗ್ ಟವರ್. ಅದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟವರ್‌ನಲ್ಲಿ ನೀರು ಆವಿಯಾಗುತ್ತಾ ಹೋದಂತೆ ಉಪ್ಪು ಉಳಿದುಕೊಳ್ಳುತ್ತದೆ. ಅದು ಮಿತಿ ಮೀರದಂತೆ ಒಂದಷ್ಟು ನೀರನ್ನು ಹೊರಗೆ ಬಿಡಬೇಕು. ಅದಕ್ಕೆ ಬ್ಲೋಡೌನ್ ಅನ್ನುತ್ತೇವೆ. ಒಳಗೆ ಬಿಡುವ ನೀರಿಗಿಂತ ಟವರ್‌ನ ನೀರು 3 ಪಟ್ಟು ಉಪ್ಪಾದಾಗಲೇ ಹೊರಬಿಟ್ಟರೆ, ಆವಿಯಾಗುವ ಪ್ರತಿ 100 ಲೀಟರಿಗೆ 50 ಲೀಟರ್ ಚರಂಡಿಗೆ ಹೋಗುತ್ತದೆ. 6 ಪಟ್ಟಿನವರೆಗೆ ತಡೆದರೆ ಹೋಗುವುದು 20 ಲೀಟರ್ ಮಾತ್ರ. ಆದರೆ ಇಲ್ಲಿನ ಗಡಸು ನೀರನ್ನು ಹಾಗೆಯೇ ತಡೆದರೆ ಪೈಪಿನೊಳಗೆ ಬಿಳಿ ಪೊರೆ ಕಟ್ಟುತ್ತದೆ. ಆದ್ದರಿಂದ ಮೊದಲು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿದೆವು. ಆಪರೇಟರ್ ಕೈಯಿಂದ ವಾಲ್ವ್ ತಿರುಗಿಸುವ ಪದ್ಧತಿ ಬಿಟ್ಟು, ಉಪ್ಪಿನ ಅಂಶ ಅಳೆದು ತಾನೇ ತೆರೆಯುವ ವಾಲ್ವ್ ಕೂರಿಸಿದೆವು. ಕೆಮಿಕಲ್ ಖರ್ಚೂ ಇಳಿಯಿತು.

ಪೇಂಟ್ ಶಾಪ್‌ನಲ್ಲಿ ಬಿಡಿಭಾಗಗಳನ್ನು ಸಾಲಾಗಿ ತೊಟ್ಟಿಗಳಲ್ಲಿ ತೊಳೆಯುತ್ತಾರೆ. ಮೊದಲು ಎಲ್ಲ ತೊಟ್ಟಿಗೂ ಹೊಸ ನೀರು ಬೀಳುತ್ತಿತ್ತು. ಈಗ ಕೊನೆಯ ತೊಟ್ಟಿಗೆ ಮಾತ್ರ ಹೊಸ ನೀರು. ಅಲ್ಲಿ ಬಳಸಿದ್ದು ಅದರ ಹಿಂದಿನ ತೊಟ್ಟಿಗೆ, ಅಲ್ಲಿಂದ ಇನ್ನೂ ಹಿಂದಕ್ಕೆ. ಎಸ್‌ಟಿಪಿಯಲ್ಲಿ ಶುದ್ಧವಾದ ನೀರು ಶೌಚಾಲಯದ ಫ್ಲಶ್‌ಗೂ ತೋಟಕ್ಕೂ ಸಾಕಾಗುತ್ತದೆ. ಆಫೀಸಿನ ಮುಂದಿನ ಲಾನ್ ಕಿತ್ತು ಹೊಂಗೆ, ನೇರಳೆ ನೆಟ್ಟೆವು. ಛಾವಣಿಯ ಮಳೆನೀರು ಸಂಪಿಗೆ ಬರುತ್ತದೆ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ಆಗುತ್ತದೆ. ಶೆಡ್ಡಿನ ಅಳತೆ ಗೊತ್ತಿದ್ದರೆ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಇಷ್ಟಾದ ಮೇಲೆಯೇ ಕೆರೆ. ಹೆದ್ದಾರಿ ಪಕ್ಕದ, ಬೋರ್ಡು ಚೆನ್ನಾಗಿ ಕಾಣುವ ಕೆರೆ ಬೇಡ ಎಂದೆ. ನಮ್ಮ ಬೋರ್‌ವೆಲ್‌ಗಳಿರುವ ಸೀಮೆಯಲ್ಲೇ, ನಮ್ಮ ನೆಲದ ಮಳೆನೀರು ಹರಿದು ಸೇರುವ ಕೆರೆಯೇ ಆಗಬೇಕು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ನಾವು ಆರಿಸಿದ ಕೆರೆಗೆ ಆ ನೀರು ಬರುವುದಿಲ್ಲ, ಅದು ಮಳೆಯನ್ನೇ ನಂಬಿದೆ. ಒಳಗೆಲ್ಲ ಜಾಲಿ ಬೆಳೆದು ತೂಬೂ ಕಾಣದಂತಾಗಿತ್ತು.

ಪಂಚಾಯಿತಿಯ ಜೊತೆ ಒಪ್ಪಂದ ಮಾಡಿಕೊಂಡು, ಊರಿನ ಹಳೆಯ ನೀರುಗಂಟಿಯನ್ನು (ಕೆರೆಯ ನೀರು ಬಿಡುವ, ಹಂಚುವ ಕೆಲಸದವರು) ಕರೆದುಕೊಂಡು ಹೋದೆ. ಗುತ್ತಿಗೆದಾರನಿಗೆ ಘನ ಮೀಟರ್ ಲೆಕ್ಕದಲ್ಲಿ ದುಡ್ಡು. ಎಷ್ಟು ಆಳ ತೋಡಿದರೆ ಅಷ್ಟು ಬಿಲ್ಲು. ಹಿಟಾಚಿ ಏರಿಯ ಬುಡಕ್ಕೆ ಬರುತ್ತಿದ್ದಂತೆ ನೀರುಗಂಟಿ ಕೈ ಅಡ್ಡ ಹಿಡಿದರು. "ಅಲ್ಲಿ ಬೇಡ ಸಾರ್, ಏರಿ ಕುಸೀತದೆ. ದೂರದಿಂದ ತೆಗೀಲಿ," ಎಂದರು. ಆಮೇಲೆ ತೋಡಿದ ಗುಂಡಿಗೆ ಇಳಿದು ಹಿಡಿ ಮಣ್ಣು ಎತ್ತಿ ತೋರಿಸಿದರು. ಮೇಲಿನ ಕಪ್ಪು ಗೋಡು, ಅಂದರೆ ಹೊಲಕ್ಕೆ ಒಳ್ಳೆಯದಾದ ಹೂಳು, ಮುಗಿದು ಅಂಟು ಮಣ್ಣು ಕಾಣಿಸಿತ್ತು. "ಇಲ್ಲಿಗೆ ಸಾಕು. ಇದನ್ನೂ ಕೆರೆದು ಬಿಟ್ರೆ ನೀರು ನಿಲ್ಲಲ್ಲ."

"ಆಯ್ತು ಯಜಮಾನ್ರೇ, ನೀವು ಹೇಳಿದ ಕಡೆಗೇ ನಿಲ್ಲಿಸ್ತೀವಿ," ಎಂದೆ. ಕರಾರನ್ನೂ ಹಾಗೇ ಬದಲಿಸಿದೆವು. ಅಗೆಯುವ ಖರ್ಚು ಕಂಪನಿಯದು, ಗೋಡು ಸಾಗಿಸುವ ಟ್ರ್ಯಾಕ್ಟರ್ ರೈತರದು. ಗೋಡಿನ ಬೆಲೆ ರೈತರಿಗೆ ಗೊತ್ತು, ಹೊಲಕ್ಕೆ ಬೇಕಾದಷ್ಟನ್ನೇ ಒಯ್ದರು. ಅನಗತ್ಯ ಅಗೆತಕ್ಕೆ ಅದೇ ಕಡಿವಾಣವಾಯಿತು.

ವರದಿಯ ಬಗ್ಗೆಯೂ ಒಂದು ಮಾತು. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿಯಲ್ಲಿ ಎಷ್ಟು ನೀರು ಎತ್ತಿದೆವು, ಎಷ್ಟು ಬಳಸಿದೆವು ಎಂದು ಹೇಳಲೇಬೇಕು. ಇಡೀ ಕಂಪನಿಯ ಒಟ್ಟು ಲೆಕ್ಕದಲ್ಲಿ ಕೋಲಾರದ ಕಷ್ಟ ಮುಚ್ಚಿಹೋಗುತ್ತದೆ. ನೀರಿನ ಕೊರತೆ ಇರುವ ಜಾಗದ ಘಟಕಗಳ ಲೆಕ್ಕವನ್ನು ಬೇರೆ ಕೊಡುವ ಭಾಗ ಅದರಲ್ಲಿದೆ, ಆದರೆ ಅದು ಕಡ್ಡಾಯವಲ್ಲ. ಕಡ್ಡಾಯ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಮ್ಮ ಘಟಕದ ಅಂಕಿ ಅದರಲ್ಲಿ ಬರುವಂತೆ ಹಟ ಹಿಡಿದು ಕೊಡಿಸಿದ್ದೇನೆ.

ಈಗ ಉಳಿದಿರುವುದು ರಾಜಕಾಲುವೆ, ಅಂದರೆ ಕೆರೆಗೆ ಮಳೆನೀರು ತರುವ ದೊಡ್ಡ ಕಾಲುವೆ. ಹೂಳು ತೆಗೆದರೂ ಕಾಲುವೆ ಮುಚ್ಚಿದ್ದರೆ ಕೆರೆಗೆ ನೀರು ಬರಲ್ಲ. ಮೇಲ್ಭಾಗದಲ್ಲಿ ಅದು ಎರಡು ಕಡೆ ಒತ್ತುವರಿಯಾಗಿದೆ, ಅದರಲ್ಲಿ ಒಂದು ಕಡೆ ಕೈಗಾರಿಕಾ ಶೆಡ್ಡಿನದೇ ಗೋಡೆ. ಸರ್ವೆಗೆ ಪಂಚಾಯಿತಿ ಅರ್ಜಿ ಕೊಟ್ಟಿದೆ, ಅದರ ಜೊತೆ ನಮ್ಮ ಕಂಪನಿಯ ಪತ್ರವೂ ಹೋಗಿದೆ. ಜಾಲಿ ಮತ್ತೆ ಚಿಗುರದಂತೆ ನೋಡಿಕೊಳ್ಳಲು ಮೂರು ವರ್ಷದ ನಿರ್ವಹಣೆ ಹಣವನ್ನು ಒಪ್ಪಂದದಲ್ಲೇ ಬರೆಸಿದ್ದೇವೆ.